ಸೋಮವಾರದ ಹಲಗೆ

ಕುರ್ಚಿಗೆ ಬೆನ್ನು ತಾಗಿಸುವ ಮೊದಲೇ ಆ ಮಾತು ಕೇಳಿಸಲಿದೆಯೆಂದು ಓಟೋ ಕೊವಾರಿಕ್‌ಗೆ ಗೊತ್ತಿತ್ತು. ಕ್ಷೌರಿಕ ಸಾಲ್ವಟೋರೆ ಬಿಳಿಯ ಬಟ್ಟೆಯನ್ನು ಗಾಳಿಯಲ್ಲಿ ಒಮ್ಮೆ ಝಾಡಿಸಿದ, ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ. ಬಾಗಿಲಲ್ಲಿ ಹ್ಯಾಟು ಹಿಡಿದು ನಿಂತವನನ್ನು ನೋಡಿ, ಎರಡು ವರ್ಷಗಳಿಂದ ತಪ್ಪದೆ ಹೇಳುತ್ತ ಬಂದದ್ದನ್ನೇ ಹೇಳಿದ: “ಕೂತ್ಕೋ ಓಟೋ. ಲೋಕ ಕಾಯ್ಲಿ.” ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇಬ್ಬರು ಪತ್ರಿಕೆಯ ಹಿಂದಿನಿಂದ ನಕ್ಕರು. “ಅದನ್ನ ಬರೆದೋನು ಇವನೇ ಕಣ್ರೀ,” ಎಂದು ಸಾಲ್ವಟೋರೆ ಬಾಚಣಿಗೆಯ ತುದಿಯಿಂದ ಓಟೋನ ನೆತ್ತಿಯನ್ನು ತೋರಿಸಿದ. “ಈ ತಲೆಯಿಂದಾನೇ ಬಂದದ್ದು. ಕೂದಲು ಕಡಿಮೆ ಆದಷ್ಟೂ ಒಳಗಿರೋದು ಸಲೀಸಾಗಿ ಹೊರಗೆ ಬರುತ್ತೆ ನೋಡಿ.” ಓಟೋ ಕನ್ನಡಿಯಲ್ಲಿ ವಿನಯದ ನಗೆಯೊಂದನ್ನು ಮೂಡಿಸಿಕೊಂಡ. ಎರಡು ವರ್ಷಗಳ ಅಭ್ಯಾಸದಿಂದ ಆ ನಗೆ ಈಗ ತಾನಾಗಿಯೇ ಬಂದು ತುಟಿಯ ಮೇಲೆ ಕೂರುತ್ತಿತ್ತು. ಹಲ್ಲಿನ ಡಾಕ್ಟರು ಇದೇ ಮಾತನ್ನು ಹೇಳಿ ಅವನ ಬಾಯಿಗೆ ಹತ್ತಿ ತುರುಕಿದ್ದ. ಅವನಿದ್ದ ಬರ್ವಿನ್‌ನ ಬಸ್ಸಿನ ಚಾಲಕ ಮುದುಕಿಯರನ್ನು ಹತ್ತಿಸಿಕೊಳ್ಳುವಾಗ ಇದನ್ನೇ ಹೇಳುತ್ತಿದ್ದ. ಕಳೆದ ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಪಾದ್ರಿಯೇ ಪೀಠದ ಮೇಲಿಂದ, ದೇವರು ದಣಿದವರಿಗೆ ಹೇಳುವುದೂ ಇದನ್ನೇ ಅಲ್ಲವೇ ಎಂದು ಕೇಳಿದಾಗ, ಓಟೋ ಪಕ್ಕದಲ್ಲಿದ್ದ ಹೆಂಡತಿಯ ಕಡೆಗೆ ಕಣ್ಣು ಹೊರಳಿಸುವ ಧೈರ್ಯವಿಲ್ಲದೆ ತನ್ನ ಶೂಗಳನ್ನೇ ನೋಡಿಕೊಂಡು ಕೂತಿದ್ದ. ಆ ಶೂಗಳಿಗೆ ಚೆನ್ನಾಗಿ ಪಾಲಿಶ್ ಆಗಿತ್ತು. ಆ ಮಾತಿನ ಜಾಹೀರಾತಿನಿಂದ ಹಾಲ್ವರ್ಸನ್ ಸೂಪಿನ ಡಬ್ಬಿಗಳು ಅಷ್ಟೊಂದು ಮಾರಾಟವಾಗಿದ್ದವು.

ಐವತ್ತೊಂದರ ಜನವರಿಯಲ್ಲಿ ಅವನ ಶೂಗಳು ಒದ್ದೆಯಾಗಿದ್ದವು. ಮೊದಲ ಕಚೇರಿಯವರು ಅವನನ್ನು ತೆಗೆದುಹಾಕಿ ಒಂಬತ್ತು ದಿನಗಳಾಗಿದ್ದವು. ಒಂಬತ್ತು ದಿನವೂ ಅವನು ಬೆಳಗಿನ ರೈಲು ಹಿಡಿದು ಚಿಕಾಗೋಗೆ ಹೋಗಿ, ಸರೋವರದ ದಂಡೆಯಲ್ಲಿ ಹಿಮ ತುಳಿದು, ಸಂಜೆಯ ರೈಲಿಗೆ ಮರಳಿದ್ದ. ಹತ್ತನೆಯ ದಿನ ಅಡಿಗೆಮನೆಯ ಬಾಗಿಲಲ್ಲಿ ಓವರ್‌ಕೋಟನ್ನೂ ತೆಗೆಯದೆ ನಿಂತು, ನಾಳೆ ಯಾರನ್ನು ನೋಡಬೇಕು, ನಾಡಿದ್ದು ಯಾರಿಗೆ ಬರೆಯಬೇಕು, ಊರಿಗೆ ಊರೇ ತನ್ನಿಂದ ಏನನ್ನೋ ವಸೂಲು ಮಾಡಲು ಹೊರಟಿದೆ ಎಂಬಂತೆ ಒಂದೇ ಸಮನೆ ಬಡಬಡಿಸುತ್ತಿದ್ದಾಗ ಹೆಂಡತಿ ಮಿಲಾಡ ಏನನ್ನೂ ಕೇಳಲಿಲ್ಲ. ಅವನ ತಲೆಯ ಮೇಲಿಂದ ಹ್ಯಾಟು ತೆಗೆದಳು. ಕುರ್ಚಿಯನ್ನು ಕಾಲಿನಿಂದ ಎಳೆದಳು, ಕೈಯೆಲ್ಲ ಹಿಟ್ಟಾಗಿತ್ತು. ಈಗ ಊರೆಲ್ಲ ಹೇಳುವ ಆ ಎರಡೇ ಮಾತು ಹೇಳಿದಳು. ಅವನು ಕೂತ. ಕೂತವನು ಅತ್ತ. ಅವಳು ಮತ್ತೆ ಹಿಟ್ಟಿನ ಉಂಡೆಗಳ ಕಡೆಗೆ ತಿರುಗಿ, ಅವನು ಅಳು ಮುಗಿಸುವುದಕ್ಕೂ ಉಂಡೆಗಳು ಬೆಂದು ಮೇಲೆ ತೇಲುವುದಕ್ಕೂ ಸರಿಹೋಗುವಷ್ಟು ಹೊತ್ತು ಅವನಿಗೆ ಬೆನ್ನು ಕೊಟ್ಟು ನಿಂತಿದ್ದಳು. ಆಮೇಲೆ ವರ್ಷವರ್ಷಗಳ ಕಾಲ, ಅವನು ತಡವಾಗಿ ಬಂದ ಸಂಜೆ, ಮುಖ ಬಾಡಿಸಿಕೊಂಡು ಬಂದ ಸಂಜೆ, ಅವಳು ಆ ಎರಡು ಮಾತನ್ನು ಹೇಳುವಳು. ಕೆಲವು ದಂಪತಿಗಳ ನಡುವೆ ಒಂದು ಹಾಡಿರುತ್ತದೆ, ಕೆಲವರ ನಡುವೆ ಒಂದು ಜಗಳ. ಇವರ ನಡುವೆ ಇದ್ದದ್ದು ಅದು.

“ತಲೆ ಆಡಿಸ್ಬೇಡ ಮಾರಾಯ,” ಎಂದ ಸಾಲ್ವಟೋರೆ. “ಇವತ್ತು ಬಹುಮಾನ ತಗೊಳ್ಳೋ ತಲೆ. ಕಿವಿ ಇಲ್ದೆ ಕಳಿಸಿದ್ರೆ ನಿನ್ನ ಹೆಂಡ್ತಿ ನನ್ನ ಸುಮ್ನೆ ಬಿಡ್ತಾಳಾ?”

“ಸಾಲ್, ನೀನು ಯಾವತ್ತಾದ್ರೂ ಬೇರೆಯವರ ಮಾತು ಕದ್ದಿದ್ದೀಯಾ?”

“ನಾನಾ?” ಸಾಲ್ವಟೋರೆ ಕತ್ತರಿಯನ್ನು ಎತ್ತಿ ಹಿಡಿದು ಯೋಚಿಸಿದ. “ಈ ಅಂಗಡೀಲಿ ಕದಿಯೋಕೆ ಇರೋದು ಎರಡೇ. ಕೂದಲು ಯಾರಿಗೂ ಬೇಡ. ಅದಕ್ಕೇ ಮಾತು ಕದೀತೀನಿ. ನೀನು ಹೇಳಿದ್ದನ್ನ ಅವನಿಗೆ, ಅವನು ಹೇಳಿದ್ದನ್ನ ನಿನಗೆ. ಇಲ್ದಿದ್ರೆ ಇಲ್ಲಿಗೆ ಯಾರು ಬರ್ತಾರೆ?”

ಎಷ್ಟು ಹಗುರವಾಗಿ ಹೇಳಿಬಿಟ್ಟ ಎಂದುಕೊಂಡ ಓಟೋ. ತನ್ನ ಕಚೇರಿಯಲ್ಲಿ ಇದಕ್ಕೊಂದು ವಿಧಿಯೇ ಇತ್ತು. ಜಾಹೀರಾತಿನ ಮಾತುಗಳನ್ನು ಬರೆಯುವ ಏಳು ಮಂದಿ ಪ್ರತಿ ಸೋಮವಾರ ಒಂಬತ್ತು ಗಂಟೆಗೆ ಉದ್ದದ ಕೋಣೆಯ ಹಲಗೆಗೆ ಒಂದೊಂದು ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಬೇಕು. ಚೀಟಿಯಲ್ಲಿ ಹೆಸರಿರಬಾರದು. ಆ ವಾರ ಮನೆಯಲ್ಲಿ, ಬೀದಿಯಲ್ಲಿ ಕಿವಿಗೆ ಬಿದ್ದ ಒಂದು ವಾಕ್ಯ ಮಾತ್ರ ಇರಬೇಕು. “ಹೊಳೆದದ್ದು ಬೇಡ, ಕೇಳಿಸಿದ್ದು ಬೇಕು,” ಎನ್ನುತ್ತಿದ್ದ ಕಚೇರಿಯ ಯಜಮಾನ ಡಂಕನ್ ಪ್ರೆಂಟಿಸ್, ಪೈಪು ಕಚ್ಚಿಕೊಂಡು ಹಲಗೆಯ ಮುಂದೆ ತೋಟ ನೋಡುವವನಂತೆ ಅಡ್ಡಾಡುತ್ತ. ಹೀಗಾಗಿ ಏಳು ಮಂದಿಯೂ ತಮ್ಮ ತಮ್ಮ ಮನೆಗಳಲ್ಲಿ ಬೇಹುಗಾರರಾಗಿದ್ದರು. ಮದುವೆಯಿಲ್ಲದ ಗ್ರೀವ್ಸ್ ಭಾನುವಾರಗಳಂದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆಯುತ್ತ ಕೂತಿರುತ್ತಿದ್ದ. ಟಾಲ್ಮನ್‌ನ ಹೆಂಡತಿ ವಿಚ್ಛೇದನದ ದಿನ ನ್ಯಾಯಾಧೀಶರ ಮುಂದೆ, ತಾನು ಹದಿನಾಲ್ಕು ವರ್ಷ ಸಂಸಾರ ಮಾಡಿದ್ದು ಗಂಡನೊಂದಿಗಲ್ಲ, ಗುಮಾಸ್ತೆಯೊಬ್ಬನೊಂದಿಗೆ ಎಂದಿದ್ದಳು. ಟಾಲ್ಮನ್ ಅದನ್ನೂ ಮುಂದಿನ ಸೋಮವಾರ ಚುಚ್ಚಿದ್ದ.

ಓಟೋ ಹತ್ತು ವರ್ಷ ಜಾಗ್ರತೆಯಿಂದಿದ್ದ. ಪಕ್ಕದ ಮನೆಯವರ ಮಾತು ತಂದ, ಕಟುಕನ ಅಂಗಡಿಯ ಮಾತು ತಂದ, ಸತ್ತುಹೋದ ಸೋದರತ್ತೆಯ ಬೈಗುಳಗಳನ್ನೂ ಒಂದೊಂದಾಗಿ ತಂದು ಮುಗಿಸಿದ. ಮಿಲಾಡಳ ಆ ಮಾತನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಿದ ದಿನವೂ ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇರಲಿಲ್ಲ. ಅವನನ್ನು ಈಗಲೂ ಚುಚ್ಚುವುದು ಅದೇ. ಹಸಿವಿರಲಿಲ್ಲ, ದುರಾಸೆಯಿರಲಿಲ್ಲ, ಬಡ್ತಿಯ ಮಾತಿರಲಿಲ್ಲ. ನೆಗಡಿಯಾಗಿ ವಾರವೆಲ್ಲ ಮನೆಯಲ್ಲಿ ಮಲಗಿದ್ದ, ಕಿವಿ ಮುಚ್ಚಿಕೊಂಡಿತ್ತು, ಸೋಮವಾರ ಒಂಬತ್ತಕ್ಕೆ ಎರಡು ನಿಮಿಷವಿತ್ತು, ಕೈಯಲ್ಲಿ ಖಾಲಿ ಚೀಟಿಯಿತ್ತು. ಅಷ್ಟೇ. ಬರೆದು ಚುಚ್ಚಿದ. ಪ್ರೆಂಟಿಸ್‌ನ ಪೈಪು ಆ ಚೀಟಿಯ ಮುಂದೆ ನಿಂತಿತು, ನಂದಿಹೋಯಿತು, ಮತ್ತೆ ಹೊತ್ತಿಕೊಳ್ಳಲೇ ಇಲ್ಲ. “ಇದು ಯಾರದು?” ಎಂದಾಗ ಓಟೋ, ಶಾಲೆಯಲ್ಲಿ ಕೈಯೆತ್ತಿದಂತೆ, ಕೈಯೆತ್ತಿದ. ‘ನನ್ನದಲ್ಲ’ ಎನ್ನಲು ಅದೊಂದೇ ಕ್ಷಣವಿತ್ತು. ಸೂಪಿನ ಮಾಲೀಕನಿಗೆ ಬೇರೆಯದೇ ಕಥೆ ಹೇಳಬೇಕಾಯಿತು. ಗೃಹಿಣಿಯೊಬ್ಬಳು ಪುಕ್ಕಟೆಯಾಗಿ ಆಡಿದ ಮಾತಿಗೆ ಯಾವ ಕಾರ್ಖಾನೆಯವನೂ ಹಣ ಕೊಡುವುದಿಲ್ಲವಾದ್ದರಿಂದ, ಓಟೋ ಕೊವಾರಿಕ್ ಹನ್ನೊಂದು ದಿನ ಕೋಣೆ ಬಿಟ್ಟು ಹೊರಬರದೆ ನೂರಾನಲವತ್ತು ವಾಕ್ಯಗಳನ್ನು ಬರೆದು ಹರಿದನೆಂದೂ ಇದು ನೂರಾನಲವತ್ತೊಂದನೆಯದೆಂದೂ ಪ್ರೆಂಟಿಸ್ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಓಟೋಗೆ ಆ ನೂರಾನಲವತ್ತರಲ್ಲಿ ಕೆಲವು ನೆನಪಿಗೇ ಬಂದವು.

ಮಿಲಾಡ ಏನೂ ಕೇಳಲಿಲ್ಲ. ಬೀದಿಬೀದಿಗೆ ಸೂಪಿನ ಫಲಕ ಎದ್ದಮೇಲೂ ಕೇಳಲಿಲ್ಲ. ಆ ಎರಡು ಮಾತನ್ನು ನಿಲ್ಲಿಸಿದಳು. ಅದೊಂದನ್ನೇ ನಿಲ್ಲಿಸಿದ್ದರೆ ಅವನು ತಾಳಿಕೊಳ್ಳುತ್ತಿದ್ದನೇನೋ. ಮೆಲ್ಲಮೆಲ್ಲಗೆ ಮಿಕ್ಕ ಮಾತುಗಳೂ ಹಿಂದೆ ಸರಿದವು. ಜೇಬುಗಳ್ಳರಿರುವ ಸಂತೆಯಲ್ಲಿ ಹೆಂಗಸರು ಕೈಚೀಲವನ್ನು ಎದೆಗವಚಿಕೊಂಡು ನಡೆಯುವಂತೆ ಅವಳು ಮನೆಯಲ್ಲಿ ಮಾತಾಡತೊಡಗಿದಳು. ಉಪ್ಪು ಅಲ್ಲಿದೆ. ನಿನ್ನ ಅಣ್ಣ ಫೋನು ಮಾಡಿದ್ದ. ನಾಳೆ ಕಸದ ಗಾಡಿ ಬರುತ್ತೆ. ಯಾರ ಮೇಲೂ ಹಗೆಯಿಲ್ಲದ, ಯಾರಿಗೂ ಮಾರಲಾಗದ ವಾಕ್ಯಗಳು. ಹೊರಗೆ ಲೋಕವೆಲ್ಲ ಅವಳ ಬಾಯಿಂದ ಮಾತಾಡುತ್ತಿತ್ತು. ಒಳಗೆ ಅವಳು ತಂತಿ ಕಳಿಸುವವಳಂತೆ ಪದಗಳನ್ನು ಎಣಿಸುತ್ತಿದ್ದಳು. ಇವತ್ತು ಮಧ್ಯಾಹ್ನದ ಔತಣದಲ್ಲಿ, ಊರಿನ ಜಾಹೀರಾತುಗಾರರೆಲ್ಲ ಸೇರುವಲ್ಲಿ, ಬಹುಮಾನದ ಚೌಕ ಬೆಳ್ಳಿಯ ತಟ್ಟೆಯನ್ನು ಕೈಗೆ ಕೊಡುವಾಗ, ಓಟೋ ನಿಜ ಹೇಳುವವನಿದ್ದ. ಹೇಳಿದರೆ ಅವಳ ಬಾಯಿ ಮತ್ತೆ ತೆರೆಯುತ್ತದೆ. ಬಹುಮಾನ ಹೋದರೂ ಚಿಂತೆಯಿಲ್ಲ, ಪ್ರೆಂಟಿಸ್ ಕೆಂಪಾದರೂ ಚಿಂತೆಯಿಲ್ಲ. ಮಿಲಾಡ ಮತ್ತೆ ಯೋಚಿಸದೆ ಮಾತಾಡಬೇಕು, ಅಷ್ಟೇ. ಕೊರಳಿನ ಹಿಂದೆ ತಣ್ಣಗೆ ಪೌಡರು ಬಿತ್ತು. “ಮುಗೀತು. ಹೋಗಿ ಗೆದ್ದು ಬಾ,” ಎಂದು ಸಾಲ್ವಟೋರೆ ಬಟ್ಟೆ ಝಾಡಿಸಿದ. ನೆಲದ ಮೇಲೆ ಬಿದ್ದ ಕೂದಲು ನಿರೀಕ್ಷಿಸಿದ್ದಕ್ಕಿಂತ ಬೆಳ್ಳಗಿತ್ತು.

ಹೋಟೆಲಿನ ಸಭಾಂಗಣಕ್ಕೆ ಮಿಲಾಡ ಬೇರೆ ರೈಲಿನಲ್ಲಿ, ಹಸಿರು ಹ್ಯಾಟು ಹಾಕಿಕೊಂಡು, ಕಾಲು ಗಂಟೆ ತಡವಾಗಿ ಬಂದಳು. ಪ್ರೆಂಟಿಸ್ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, “ಮಿಸೆಸ್ ಕೊವಾರಿಕ್, ಇಂಥ ಗಂಡನ ಜೊತೆ ಬಾಳೋದು ಹೇಗೆ ಅಂತ ನೀವೊಂದು ಪುಸ್ತಕ ಬರೀಬೇಕು,” ಎಂದ. “ಬರೆಯೋ ಕೆಲಸ ಅವನದು,” ಎಂದಳು ಮಿಲಾಡ. ಎರಡನೆಯ ಮೇಜಿನಲ್ಲಿ ದೊಡ್ಡ ಕಿವಿಗಳ ಮುದುಕ ಹಾಲ್ವರ್ಸನ್ ತನ್ನದೇ ಸೂಪನ್ನು ಬಡಿಸಿಲ್ಲವೆಂದು ಪಕ್ಕದವರಿಗೆ ದೂರುತ್ತಿದ್ದ. ಕೋಳಿ ಬಂತು, ಬಟಾಣಿ ಬಂತು. ಬಟಾಣಿಗಳನ್ನು ಫೋರ್ಕಿನಿಂದ ಅಟ್ಟಿಸಿಕೊಂಡು ಹೋಗುತ್ತ ಓಟೋ, ಹೇಳಬೇಕಾದ್ದನ್ನು ನಾಲಿಗೆಯ ಮೇಲೆ ಜೋಡಿಸಿದ. ಜೋಡಿಸಿದ್ದು ಚೆನ್ನಾಗಿ ಬಂತು. ಒಂದು ಚಿಕ್ಕ ವಾಕ್ಯ, ಆಮೇಲೆ ಒಂದು ಉದ್ದದ್ದು, ಆಮೇಲೆ ಮತ್ತೊಂದು ಚಿಕ್ಕದು. ಇಷ್ಟು ಚೆನ್ನಾಗಿ ಬರಬಾರದಿತ್ತು ಎಂದು ಒಂದು ಗಳಿಗೆ ಅನಿಸಿತು. ಅಷ್ಟರಲ್ಲಿ ಅವನ ಹೆಸರು ಕೂಗಿದರು.

“ಮಹನೀಯರೇ, ನಾನು ಕಳ್ಳ,” ಎಂದ ಓಟೋ ಮೈಕಿನ ಮುಂದೆ. ಇನ್ನೂರು ಮಂದಿ ಫೋರ್ಕು ಕೆಳಗಿಟ್ಟರು. ನೂರಾನಲವತ್ತು ವಾಕ್ಯಗಳಿರಲಿಲ್ಲ, ಹನ್ನೊಂದು ದಿನಗಳಿರಲಿಲ್ಲ, ಒಂದು ಅಡಿಗೆಮನೆಯಿತ್ತು, ಕೆಲಸ ಕಳೆದುಕೊಂಡ ಒಬ್ಬ ಗಂಡಸಿದ್ದ ಎಂದು ಹೇಳಿದ. “ನೀವೆಲ್ಲ ಎರಡು ವರ್ಷದಿಂದ ಹೇಳ್ತಿರೋ ಮಾತು ನನ್ನದಲ್ಲ. ಅಗೋ, ಆ ಹಸಿರು ಹ್ಯಾಟಿನವಳದು.” ಹೇಳಿ ಮುಗಿಸಿದಾಗ ಒಳಗೆ ಏನೋ ಹಗುರವಾಗಿ ಮೇಲೇಳುತ್ತಿತ್ತು. ಆಮೇಲೆ ಚಪ್ಪಾಳೆ. ಅವನು ಎಣಿಸಿದ್ದ ಮರ್ಯಾದೆಯ ಚಪ್ಪಾಳೆಯಲ್ಲ ಅದು. ಕುರ್ಚಿಗಳು ಹಿಂದೆ ಸರಿದವು, ಯಾರೋ ಸಿಳ್ಳೆ ಹಾಕಿದರು. ಪ್ರೆಂಟಿಸ್ ಕೆಂಪಾಗಲಿಲ್ಲ. ಅವನ ಮುಖ ಹಲಗೆಯ ಮುಂದೆ ಪೈಪು ನಂದಿಹೋದ ಆ ದಿನದಂತಿತ್ತು. ಎರಡೇ ಹೆಜ್ಜೆಗೆ ಮೈಕಿನ ಬಳಿ ಬಂದ.

“ಕೇಳಿದ್ರಾ? ಕೇಳಿದ್ರಾ ಮಿಸ್ಟರ್ ಹಾಲ್ವರ್ಸನ್? ಹನ್ನೆರಡು ವರ್ಷದಿಂದ ಗಂಡನಿಗೆ ಹೇಳ್ಕೊಂಡು ಬಂದಿರೋ ಹೆಂಡ್ತಿ! ನಿಜವಾದ ಹೆಂಡ್ತಿ, ನಿಜವಾದ ಅಡಿಗೆಮನೆ! ಜಾಹೀರಾತಿಗೆ ಇನ್ನು ನಟಿ ಯಾಕ್ರೀ ನಮಗೆ? ಮಿಸೆಸ್ ಕೊವಾರಿಕ್, ಎದ್ದು ನಿಂತ್ಕೊಳ್ಳಿ, ಒಂದೇ ಒಂದು ಸಲ ನಿಮ್ಮ ಬಾಯಲ್ಲಿ ಹೇಳ್ಬಿಡಿ!”

“ಹೇಳಿ! ಹೇಳಿ!” ಎಂದು ಮೇಜುಗಳು ತಾಳ ಹಾಕಿದವು. ಮುದುಕ ಹಾಲ್ವರ್ಸನ್ ಹುಮ್ಮಸ್ಸಿನಿಂದ ಎದ್ದು, ತನ್ನ ಕುರ್ಚಿಯನ್ನು ಹಿಂದಕ್ಕೆಳೆದು, ದಣಿದ ಗಂಡಸಿನ ನಟನೆ ಮಾಡುತ್ತ ಅವಳ ಮುಂದೆ ನಿಂತ. “ನನಗೇ ಹೇಳಮ್ಮ. ನಾನು ಕೂರ್ತೀನಿ.” ಓಟೋ ವೇದಿಕೆಯ ಮೇಲೆ ಬೆಳ್ಳಿಯ ತಟ್ಟೆ ಹಿಡಿದು ನಿಂತಿದ್ದ. ಅದರಲ್ಲಿ ಅವನ ಮುಖ ಅಗಲವಾಗಿ, ಮೂರ್ಖವಾಗಿ ಕಾಣುತ್ತಿತ್ತು. ಇನ್ನೂರು ಮಂದಿಯ ಕಣ್ಣಿನಡಿ ಅವಳ ಕುತ್ತಿಗೆ ಹ್ಯಾಟಿನ ಅಂಚಿನವರೆಗೆ ಕೆಂಪಗಾಗುವುದನ್ನು ನೋಡಿದ. ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಮೊದಲ ಸಲ ಅವಳ ಮಾತನ್ನು ಹಲಗೆಗೆ ಚುಚ್ಚಿದ್ದ, ಈ ಸಲ ಅವಳನ್ನೇ.

ಮಿಲಾಡ ಎದ್ದು ನಿಂತಳು. ಕೈಚೀಲವನ್ನು ಮೇಜಿನ ಮೇಲಿಟ್ಟಳು. “ನನ್ನ ಗಂಡ ಒಳ್ಳೇವನು,” ಎಂದಳು. ಮೈಕಿಲ್ಲದೆಯೂ ಅದು ಕೊನೆಯ ಮೇಜಿಗೆ ಕೇಳಿಸಿತು. “ಅಷ್ಟು ಒಳ್ಳೇವನು ಅಂದ್ರೆ, ಬಹುಮಾನ ಬಂದ್ರೂ ಹೆಂಡ್ತಿ ಜೊತೆ ಹಂಚ್ಕೋಬೇಕು ಅಂತ ಸುಳ್ಳು ಹೇಳ್ತಾನೆ. ಮನೇಲಿ ನಾನು ಅವನಿಗೆ ಹೇಳೋದು ಒಂದೇ, ಕಾಲು ಒರೆಸ್ಕೊಂಡು ಒಳಗೆ ಬಾ ಅಂತ. ಮಿಕ್ಕಿದ್ದೆಲ್ಲ ಅವನೇ ಬರೆದದ್ದು.”

ಸಭೆ ಬಿದ್ದು ಬಿದ್ದು ನಕ್ಕಿತು. “ಕಾಲೊರಸು ತಯಾರಿಸೋರು ಯಾರಾದ್ರೂ ಇದ್ದೀರೇನ್ರಪ್ಪಾ ಇಲ್ಲಿ?” ಎಂದು ಪ್ರೆಂಟಿಸ್ ಮೈಕಿನಲ್ಲಿ ಕೂಗಿದ್ದಕ್ಕೆ ಇನ್ನಷ್ಟು ನಕ್ಕಿತು. ಮುದುಕ ಹಾಲ್ವರ್ಸನ್ ಯಾರೂ ಹೇಳದೆಯೇ ಕೂತುಕೊಂಡ. ಅವಳೂ ಕೂತಳು, ಅರ್ಧ ಉಳಿದಿದ್ದ ಬಟಾಣಿಗಳನ್ನು ಒಂದೊಂದಾಗಿ ತಿಂದು ಮುಗಿಸಿದಳು.

ಮೂರೂವರೆಯ ರೈಲಿನಲ್ಲಿ ಜನ ಕಡಿಮೆ. ಕಿಟಕಿಯಲ್ಲಿ ಗೋದಾಮುಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳ ಹಿತ್ತಿಲುಗಳು ಸರಿಯುತ್ತಿದ್ದವು. ಬೆಳ್ಳಿಯ ತಟ್ಟೆಯನ್ನು ಓಟೋ ಓವರ್‌ಕೋಟಿನಡಿ ಬಚ್ಚಿಟ್ಟುಕೊಂಡಿದ್ದರಿಂದ ಅವನಿಗೆ ಚೌಕದ ಹೊಟ್ಟೆಯೊಂದು ಬೆಳೆದಂತಿತ್ತು.

“ಯಾಕೆ ಹಾಗಂದೆ?” ಎಂದ.

“ನೀನ್ಯಾಕೆ ಹಾಗಂದೆ?”

“ನಿನ್ನದನ್ನ ನಿನಗೆ ವಾಪಸ್ಸು ಕೊಡೋಣ ಅಂತ.”

“ಇನ್ನೂರು ಜನರ ಮುಂದೆ?” ಮಿಲಾಡ ಗ್ಲೌಸನ್ನು ಬೆರಳು ಬೆರಳಾಗಿ ಕಳಚಿದಳು. “ನಾನು ಅದನ್ನ ಇನ್ನೂರು ಜನಕ್ಕೆ ಹೇಳಿದ್ನಾ ಓಟೋ? ನೀನು ಅದನ್ನ ಅಡಿಗೆಮನೆಯಿಂದ ತಗೊಂಡು ಹೋದೆ. ಕೊಡೋದಿದ್ರೆ ಅಡಿಗೆಮನೇಲೇ ಕೊಡ್ಬೇಕಿತ್ತು. ಎರಡು ವರ್ಷ ಆ ಬಾಗಿಲು ತೆರೆದೇ ಇತ್ತು. ಬೆಳ್ಳಿ ತಟ್ಟೆ ಇಲ್ದೆ ಬರೋಕೆ ನಿನಗೆ ಆಗ್ಲಿಲ್ಲ.”

ಅವನಿಗೆ ಹೊಳೆದ ಎರಡು ಮೂರು ಉತ್ತರಗಳು ಚೆನ್ನಾಗಿದ್ದವು. ಆ ಕಾರಣಕ್ಕೇ ನುಂಗಿಕೊಂಡ.

“ಮೊದಲು ಆ ಫಲಕ ನೋಡಿದಾಗ ಏನನ್ಕೊಂಡೆ ಗೊತ್ತಾ?” ಎಂದಳು ಅವಳು, ಕಿಟಕಿಯ ಕಡೆಗೆ ತಿರುಗಿ. “ಆಲೂಗೆಡ್ಡೆ ಚೀಲ ಹಿಡ್ಕೊಂಡು ಬಸ್ಸಿಗೆ ನಿಂತಿದ್ದೆ. ತಲೆ ಎತ್ತಿದ್ರೆ ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಮಾತು. ಸೂಪು ಕಾಣಿಸ್ಲೇ ಇಲ್ಲ ಮೊದ್ಲು. ಖುಷಿ ಆಯ್ತು. ಅಯ್ಯೋ, ಎಲ್ಲೋ ಇನ್ನೊಬ್ಬಳು ಹೆಂಗಸು ಕೂಡ ಮನೆಗೆ ಬಂದೋನಿಗೆ ಹೀಗೇ ಹೇಳ್ತಾಳಲ್ಲ ಅಂದ್ಕೊಂಡೆ. ಅವಳನ್ನ ನೋಡ್ಬೇಕು ಅನ್ನಿಸ್ತು. ಬಸ್ಸು ಬಂತು. ಹತ್ತೋವಾಗ ಡಬ್ಬಿ ಕಾಣಿಸ್ತು. ನಿಮ್ಮ ಕಚೇರಿಯವರು ಮಾರ್ಸೋ ಸೂಪಿನ ಡಬ್ಬಿ. ಅವಳು ಅಲ್ಲೇ ಸತ್ತೋದಳು.”

ರೈಲು ಒಂದು ಸೇತುವೆಯನ್ನು ದಾಟಿತು. ಓಟೋ ಕಣ್ಣು ಮುಚ್ಚಿದ. ಆ ಇನ್ನೊಬ್ಬ ಹೆಂಗಸು, ಎಲ್ಲಿಯೂ ಇಲ್ಲದವಳು, ಆಲೂಗೆಡ್ಡೆಯ ಚೀಲ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತೇ ಇದ್ದಳು.

“ಆಮೇಲೆ ನೀನು ಬರ್ತೀಯ, ಮುಖ ಇಷ್ಟುದ್ದ ಮಾಡ್ಕೊಂಡು. ನಾನು ಏನು ಹೇಳ್ಲಿ? ಬಾಯಿ ತೆರೆದ್ರೆ ಸೂಪು ಬರುತ್ತೆ. ಬೇರೆ ಏನಾದ್ರೂ ಹೇಳೋಣ ಅಂದ್ರೆ, ನೀನು ಕೇಳಿಸ್ಕೊಳ್ಳೋ ರೀತಿ ನೋಡಿದ್ರೇ ಭಯ ಆಗುತ್ತೆ. ತಲೆ ಒಂಚೂರು ವಾರೆ ಮಾಡ್ತೀಯ, ಕೋಳಿ ಕಾಳು ನೋಡೋ ಥರ.”

“ಇನ್ನು ಮಾಡಲ್ಲ.”

“ಈಗಲೂ ಮಾಡ್ತಿದ್ದೀಯ.”

ಓಟೋ ತಲೆಯನ್ನು ನೆಟ್ಟಗೆ ಮಾಡಿಕೊಂಡ. ಮಿಲಾಡಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಎರಡು ವರ್ಷಗಳಿಂದ ಮನೆಯಲ್ಲಿ ಕೇಳದ ನಗೆ ಅದು, ಮೂಗಿನಿಂದ ಹೊರಟು ಭುಜಕ್ಕೆ ಇಳಿಯುವಂಥದು. “ಕ್ಷಮಿಸು ಮಿಲಾ,” ಎಂದ ಅವನು. ಸಾವಿರ ಜನ ಸಾವಿರ ಸಲ ಹೇಳಿ ಸವೆಸಿದ ಆ ಒಂದು ಪದವನ್ನು ಬಿಟ್ಟರೆ ಅವನ ಬಳಿ ಬೇರೇನೂ ಇರಲಿಲ್ಲ. ಅವಳು ಅದನ್ನು ಕೇಳಿಸಿಕೊಂಡಳು. ಎರಡು ನಿಲ್ದಾಣಗಳು ಹಿಂದೆ ಸರಿದವು. ಮೂರನೆಯ ನಿಲ್ದಾಣದಲ್ಲಿ ಒಬ್ಬಳು ಮುದುಕಿ ಹೆಬ್ಬಾತನ್ನು ಬುಟ್ಟಿಯಲ್ಲಿಟ್ಟುಕೊಂಡು ಹತ್ತಿದಳು. ಹೆಬ್ಬಾತು ಬುಟ್ಟಿಯಿಂದ ಕತ್ತು ಹೊರಹಾಕಿ ಓಟೋನ ಚೌಕದ ಹೊಟ್ಟೆಯನ್ನು ಅನುಮಾನದಿಂದ ನೋಡಿತು. ಮಿಲಾಡ ಹೆಬ್ಬಾತನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಯಿ ತೆರೆದಳು, ಥಟ್ಟನೆ ಮುಚ್ಚಿದಳು.

“ಏನು?”

“ಕೈ ತೋರ್ಸು.”

ಅವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟ.

“ಎದೆ ಜೇಬು?”

ಎದೆಯ ಜೇಬಿನಲ್ಲಿ ಗಿಡ್ಡ ಪೆನ್ಸಿಲೊಂದಿತ್ತು. ಅಲ್ಲಿ ಅದು ಇದೆಯೆಂದು ಅವನಿಗೇ ಮರೆತುಹೋಗಿತ್ತು. ಮೂಳೆಯ ಹಾಗೆ ಅದು ಅಲ್ಲಿರುತ್ತಿತ್ತು. ಕೊಟ್ಟ. ಅವಳು ಅದನ್ನು ಕೈಚೀಲಕ್ಕೆ ಹಾಕಿ, ಚೀಲದ ಬಾಯನ್ನು ಟಕ್ಕೆಂದು ಮುಚ್ಚಿ, ಹಸಿರು ಹ್ಯಾಟಿನ ಅಂಚು ಅವನ ಕೆನ್ನೆಗೆ ತಾಗುವಷ್ಟು ಬಗ್ಗಿ, ಹೊಸದಾಗಿ ಕತ್ತರಿಸಿದ ಕೂದಲಿನ ನಡುವೆ ಬೋಳಾಗಿ ನಿಂತಿದ್ದ ಅವನ ಕಿವಿಯಲ್ಲಿ ಹೇಳಿದಳು.

ನಾಲ್ಕೋ ಐದೋ ಪದ. ಅಷ್ಟು ಪದಗಳಲ್ಲಿ ಹೆಬ್ಬಾತಿತ್ತು, ಅವನಿದ್ದ, ಹನ್ನೆರಡು ವರ್ಷಗಳಿದ್ದವು, ಬೆಳ್ಳಿಯ ತಟ್ಟೆಗೆ ತಕ್ಕ ಶಾಸ್ತಿಯಿತ್ತು. ಓಟೋನೊಳಗಿನ ಹಳೆಯ ಬೇಹುಗಾರ ಒಮ್ಮೆಗೇ ಎದ್ದು ಕೂತ: ಇದರಿಂದ ಟೈರು ಮಾರಬಹುದು, ಜೀವವಿಮೆ ಮಾರಬಹುದು, ಬೇಕಾದರೆ ಚುನಾವಣೆಯಲ್ಲಿ ಒಬ್ಬ ರಾಜ್ಯಪಾಲನನ್ನೇ ಗೆಲ್ಲಿಸಬಹುದು. ಬಲಗೈಯ ಎರಡು ಬೆರಳುಗಳು ತಾವಾಗಿಯೇ ಕೂಡಿಕೊಂಡು ಏನನ್ನೋ ಹಿಡಿಯಲು ನೋಡಿದವು. ಅವನು ಆ ಕೈಯ ಮೇಲೆ ಇನ್ನೊಂದು ಕೈಯಿಟ್ಟ. ಆಮೇಲೆ ನಗು ಬಂತು. ಕಣ್ಣಲ್ಲಿ ನೀರು ಬರುವಂತೆ, ತಟ್ಟೆ ಕೋಟಿನಡಿಯಿಂದ ಜಾರಿ ನೆಲಕ್ಕೆ ಬಿದ್ದು ಕುಣಿದು ಸದ್ದು ಮಾಡುವಂತೆ, ಹೆಬ್ಬಾತು ಗಾಬರಿಯಿಂದ ಕೂಗುವಂತೆ ನಕ್ಕ. ಮಿಲಾಡಳೂ ಅವನ ತೋಳಿಗೆ ಮುಖವೊತ್ತಿಕೊಂಡು ನಕ್ಕಳು.

ಕಂಡಕ್ಟರು ಸೀಟುಗಳ ನಡುವೆ ತೂರಿಕೊಂಡು ಬಂದು, ತಟ್ಟೆಯನ್ನು ಎತ್ತಿ ಕೊಟ್ಟು, ಇಬ್ಬರನ್ನೂ ನೋಡಿದ. ಅವನಿಗೆ ಕಾರಣ ಗೊತ್ತಿಲ್ಲದಿದ್ದರೂ ಬಾಯಿ ಆಗಲೇ ಅರ್ಧ ನಗುತ್ತಿತ್ತು. “ಏನ್ ಸಾರ್ ಅಂಥ ಮಾತು? ನಮಗೂ ಹೇಳಿ, ನಾವೂ ನಗ್ತೀವಿ.”

ಮಿಲಾಡ ಓಟೋನನ್ನು ನೋಡಿದಳು. ಓಟೋ ಬಾಯಿ ತೆರೆದ. ಮುಚ್ಚಿದ. ಎರಡೂ ಟಿಕೆಟುಗಳನ್ನು ಕಂಡಕ್ಟರನ ಕೈಯಲ್ಲಿಟ್ಟ.